ಅಟ್ಟದ ಕೆಳಗೆ ನಿಂತ ಕಾರು

ಭಾವನಿಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಬಲವಿಲ್ಲ. ಕ್ಲಚ್ ತುಳಿಯುವ ಗೋಜಿಲ್ಲವೆಂದೇ ಆಟೋಮ್ಯಾಟಿಕ್ ಗೇರಿನ ಹಳೇ ಕಾರೊಂದನ್ನು ಹುಡುಕಿ ತಂದಿದ್ದರು. ಕಣ್ಣು ಮಂಜಾದಾಗ ಅದನ್ನು ಹಂದನಕೆರೆ ತೋಟದ ಕೊಬ್ಬರಿ ಮನೆಯಲ್ಲಿ, ತೆಂಗಿನಕಾಯಿ ಒಣಗಿಸುವ ಅಟ್ಟದ ಕೆಳಗೆ ನಿಲ್ಲಿಸಿದರು. ಆಪರೇಷನ್ನಿಗೆ ಹೆದರಿ ವರ್ಷಗಟ್ಟಲೆ ಮುಂದೂಡಿದರು. ಅಷ್ಟು ಕಾಲವೂ ಕಾರು ಅಲುಗಲಿಲ್ಲ.

ಕೊನೆಗೂ ಆಪರೇಷನ್ ಆಗಿ ಕಣ್ಣು ಸರಿಹೋಯಿತು. ಅಕ್ಕನನ್ನು ಅದರಲ್ಲೇ ಸಂಪಿಗೆ ಊರಿನ ದೇವರ ದರ್ಶನಕ್ಕೆ ಕರೆದೊಯ್ಯುತ್ತೇನೆಂದು ಭಾವ ಹಟ ಹಿಡಿದರು. ಹೊಸ ಬ್ಯಾಟರಿ ಹಾಕಿಸಿದರು. ನಾನು ಹೋದ ಬೆಳಿಗ್ಗೆ ಇಂಜಿನ್ ಒಂದೆರಡು ಸಲ ಕೆಮ್ಮಿ ಹೊತ್ತಿಕೊಂಡಿತು. ತಲೆಯ ಮೇಲೆ ಅಟ್ಟದ ಬಿದಿರಿನ ಗಳುಗಳು ನಡುಗಿ, ಒಣಗಲು ಹಾಕಿದ್ದ ಕಾಯಿಗಳು ಒಳಗೊಳಗೇ ಲೊಟಗುಟ್ಟಿದವು. ನನಗೇಕೋ ಅಲ್ಲಿ ನಿಲ್ಲಬೇಕೆನಿಸಲಿಲ್ಲ.

ಅಕ್ಕ ಕಾರಿನ ಹಿಂದೆ, ಬಾಗಿಲಲ್ಲಿ ನಿಂತು, "ಬನ್ರೀ, ಜಾಗ ಐತೆ" ಎಂದು ಕೈ ಬೀಸುತ್ತಿದ್ದಳು. ಭಾವ ರಿವರ್ಸ್ ಹಾಕಿದರು. ಕಾರು ಕದಲಲಿಲ್ಲ. ಆಕ್ಸಿಲರೇಟರ್ ಒತ್ತಿದರು. ಇಂಜಿನ್ ಅರಚಿತೇ ಹೊರತು ಚಕ್ರ ತಿರುಗಲಿಲ್ಲ. ಬಗ್ಗಿ ನೋಡಿದೆ. ಗೇರ್‌ಬಾಕ್ಸಿನಿಂದ ಕಪ್ಪುಗೆಂಪು ಎಣ್ಣೆ ಸುರಿದು ನೆಲದ ಮೇಲೆ ಹರಡುತ್ತಿತ್ತು.

"ಭಾವ, ಆಫ್ ಮಾಡಿ! ಆಯಿಲ್ ಸೋರ್ತೈತೆ!"

"ಸುಮ್ಕಿರಪ್ಪ, ಜಡ ಹಿಡಿದೈತೆ ಅಷ್ಟೆ" ಎಂದವರೇ, ಆಕ್ಸಿಲರೇಟರಿನಿಂದ ಕಾಲು ತೆಗೆಯದೆ, ಮುಂದಕ್ಕಾದರೂ ಕದಲೀತೆಂದು ಗೇರನ್ನು ಡ್ರೈವಿಗೆ ಎಳೆದರು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಧಡ್ಡೆಂದು ಗೇರ್ ಹಿಡಿದುಕೊಂಡಿತು. ಕಾರು ನೆಗೆದು ಎದುರಿನ ಕಂಬಕ್ಕೆ ಅಪ್ಪಳಿಸಿತು. ಕಂಬ ವಾಲಿ ಅಟ್ಟದ ಒಂದು ಮೂಲೆ ಕುಸಿಯಿತು. ಕಾಯಿಗಳು ಬಾನೆಟ್ಟಿನ ಮೇಲೆ, ಗಾಜಿನ ಮೇಲೆ ದಬದಬನೆ ಉರುಳಿದವು. ಧೂಳಿನಲ್ಲಿ ಅಕ್ಕನ ಕೂಗು ಕೇಳಿಸಿತು. ಕಾರಿನ ಬಾಗಿಲು ಎಳೆದು ಭಾವನನ್ನು ಹೊರತಂದೆ. ಹಣೆಯಲ್ಲಿ ಸಣ್ಣ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಅವರ ಕೈ ಮಾತ್ರ ನನ್ನ ತೋಳನ್ನು ಬಿಡಲೇ ಇಲ್ಲ.

ಕಾರನ್ನು ತಿಪಟೂರಿಗೆ ಎಳೆಸಿದೆವು. ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚಿದ. ರಬ್ಬರ್ ಸೀಲುಗಳು ಬೆರಳಲ್ಲೇ ಪುಡಿಯಾದವು. "ನಿಂತೂ ನಿಂತೂ ಒಣಗೋಗವೆ ಕಣ್ರೀ. ಆಯಿಲೆಲ್ಲ ಕೆಳಕ್ಕಿಳಿದು ಸೋರೋಯ್ತದೆ. ಇರೋ ಚೂರುಪಾರು ಮೇಲಕ್ಕೆ ಹತ್ತಿ ಪ್ರೆಶರ್ ಬರೋಗಂಟ ಗೇರ್ ಹಿಡಿಯಾಕಿಲ್ಲ. ಹಿಡಿದಾಗ ಒಂದೇ ಏಟು."

"ರಿವರ್ಸಲ್ಲೇ ಹಿಡ್ಕಂಡಿದ್ರೆ?" ಭಾವ ಮೆಲ್ಲಗೆ ಕೇಳಿದರು.

"ಅಷ್ಟೇ ಜೋರಾಗಿ ಹಿಂದಕ್ಕೆ ನೆಗೀತಿತ್ತು" ಎಂದು ಅವನು ಕೈ ಒರೆಸಿಕೊಂಡ. ಭಾವ ಹೊರಗೆ ಹೋಗಿ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಸಂಜೆ ಇಬ್ಬರೂ ಬಸ್ಸಿನಲ್ಲಿ ಮರಳಿದೆವು. ಅಕ್ಕ ಜಗಲಿಯಿಂದಲೇ ಕೇಳಿದಳು: "ಕಾರ್ ಯಾವಾಗ ಕೊಡ್ತಾರಂತೆ?"

"ಅಲ್ಲೇ ಬುಟ್ಟು ಬಂದೆ ಕಣೇ, ಇನ್ನು ಅದು ಬ್ಯಾಡ" ಎಂದರು ಭಾವ, ಅವಳ ಮುಖ ನೋಡದೆ.