ಖಾಲಿ ಬಿಲ್ಲೆ

ಉಪ್ಪು ಅರೆಯುವಾಗ ಚಾಚಾ ಅವರ ಕೆನ್ನೆಗಳು ಉಬ್ಬಿರುತ್ತಿದ್ದವು; ಉಸಿರು ಬಿಗಿಹಿಡಿದೇ ಅರೆಯುತ್ತಿದ್ದರು. ಬಲ ಹೆಬ್ಬೆರಳಿನ ಉಗುರು ಎಂದೋ ಬಿಲ್ಲೆ ಒತ್ತುವ ಪ್ರೆಸ್ಸಿಗೆ ಸಿಕ್ಕಿ, ಎರಡಾಗಿ ಸೀಳಿ ಕಪ್ಪಾಗಿತ್ತು. ಶಹಾಪುರದ ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್ ಅವರು. ನಾನು ಸಂಶೋಧನೆಗೆ ಸೇರಿದ ದಿನವೇ, "ಈ ಉಪ್ಪು ಗಾಳ್ಯಾಗಿನ ನೀರು ಕುಡಿತೈತಿ ಬೇಟಾ. ಇದರ ಮ್ಯಾಲ ಉಸಿರು ಬಿಟ್ಟಿ ಅಂದ್ರ ಕೈ ಮುರಿತೀನಿ ನೋಡು," ಎಂದಿದ್ದರು. ನಾನು ನಿಜಕ್ಕೂ ಹೆದರಿದ್ದೆ.

ಕಡಲಪಾಚಿಯ ಸಕ್ಕರೆ ಸರಪಳಿಗೆ ಸಲ್ಫೇಟ್ ಎಷ್ಟು ಅಂಟಿದೆಯೆಂದು ನೋಡುವುದು ನನ್ನ ಕೆಲಸ. ಪಾಚಿಯ ಚಿಟಿಕೆ ಪುಡಿಯನ್ನು, ಬೆಳಕಿಗೆ ಅಡ್ಡ ಬಾರದ ಆ ಉಪ್ಪಿನೊಂದಿಗೆ ಅರೆದು, ಪ್ರೆಸ್ಸಿನಲ್ಲಿ ಒತ್ತಿ ಗಾಜಿನಂಥ ಬಿಲ್ಲೆ ಮಾಡಿ, ಅದರೊಳಗೆ ಇನ್‌ಫ್ರಾರೆಡ್ ಬೆಳಕು ಹಾಯಿಸಿದರೆ ಕಾಗದದ ಮೇಲೆ ಗೆರೆ ಮೂಡುತ್ತದೆ. ಸಲ್ಫೇಟ್ ಇದ್ದಲ್ಲಿ ಗೆರೆ ಕೆಳಗಿಳಿಯುತ್ತದೆ. ನನ್ನದು ಬಾವಿಯಷ್ಟು ಆಳಕ್ಕೆ ಇಳಿದಿತ್ತು! ಪ್ರಬಂಧ ಒಪ್ಪಿಸಲು ವಾರವಷ್ಟೇ ಬಾಕಿ. ಗೈಡ್ ಮೇಡಂ ಮೊದಲ ಸಲ ನನ್ನ ಬೆನ್ನು ತಟ್ಟಿದ್ದರು.

ಚಾಚಾ ಮಾತ್ರ ಗೆರೆ ನೋಡಿ ಹುಬ್ಬು ಗಂಟಿಕ್ಕಿದರು. "ಅರೆಯೋ ಕಲ್ಲು ಸಾಬೂನಿಲೆ ತೊಳದಿ ಏನು?"

ಅವಸರದಲ್ಲಿ ಪಾತ್ರೆ ತೊಳೆಯುವ ಸೋಪೇ ಹಾಕಿದ್ದೆ. ಆ ಸೋಪಿನಲ್ಲೂ ಸಲ್ಫೇಟ್ ಇರುತ್ತದೆ. "ಇಲ್ರಿ ಚಾಚಾ," ಎಂದೆ.

ಅವರು ಅದೇ ಕಲ್ಲಿನಲ್ಲಿ ಬರೀ ಉಪ್ಪು ಅರೆದು ಖಾಲಿ ಬಿಲ್ಲೆ ಒತ್ತಿ ಯಂತ್ರಕ್ಕಿಟ್ಟರು. ಪಾಚಿಯ ಚೂರೂ ಇಲ್ಲದಿದ್ದರೂ ಗೆರೆ ಅದೇ ಜಾಗದಲ್ಲಿ ಇಳಿಯಿತು.

"ಯಾರಿಗೂ ಹೇಳಬ್ಯಾಡ್ರಿ. ಮೇಡಂ ನನ್ನ ಹೊರಗ ಹಾಕ್ತಾರ," ನಾನು ಅಳುತ್ತಿದ್ದೆ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. "ವಾರಕ್ಕ ಎರಡು ಸಲ ನಮ್ಮಾಕೀನ ಡಯಾಲಿಸಿಸ್‌ಗೆ ಯಾದಗಿರಿಗೆ ಒಯ್ತೀನಿ. ರಕ್ತ ಗಟ್ಟಿಯಾಗಬಾರ್ದಂತ ಒಂದು ದವಾ ಹಾಕ್ತಾರ. ಅದೂ ನಿನ್ನ ಪಾಚಿಯಂಗ ಸಲ್ಫೇಟ್ ಅಂಟಿದ ಸಕ್ರಿ ಅಂತ ನೀನೇ ಹೇಳಿದ್ದಿ. ಅದನ್ನ ಟೆಸ್ಟ್ ಮಾಡಿದವ್ರೂ ನಿನ್ನಂಗ ಅಂಜಿ ಬಾಯಿ ಮುಚ್ಚಿಕೊಂಡಿದ್ರ?" ಅವರು ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟರು. "ಖರೇ ಹೇಳ್ತೀನಿ ಬೇಟಾ, ನನಗ ಅಂಜಿಕಿ ಆಗಾಕತ್ತೈತಿ."

ಮೇಡಂ ಕೋಣೆಯ ಬಾಗಿಲವರೆಗೆ ಜೊತೆಗೆ ಬಂದರು. ಒಳಗೆ ನಾನೊಬ್ಬಳೇ ಹೋಗಿ ಸೋಪಿನ ವಿಷಯ ಹೇಳಿದೆ. ಫೈಲು ನನ್ನ ಮುಖಕ್ಕೇ ಬಂದು ಬಿತ್ತು. ಒಂದು ವರ್ಷ ಹಾಳಾಯಿತು. ಹೊಸ ಕಲ್ಲಿನಲ್ಲಿ ಅರೆದಾಗ ಗೆರೆ ಇಳಿದದ್ದು ಚೂರೇ ಚೂರು. ಆದರೆ ಅದು ಪಾಚಿಯದೇ.

ಚಾಚಾ ಹೋದ ವರ್ಷ ತೀರಿಕೊಂಡರು. ಅವರ ಹೆಂಡತಿ ಈಗ ಮಗಳ ಜೊತೆ ಯಾದಗಿರಿಯ ಬಸ್ಸು ಹತ್ತುತ್ತಾರೆ. ನಾನು ಔಷಧಿ ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ; ಅದೇ ದವಾ ನನ್ನ ಮೇಜಿಗೆ ಬರುತ್ತದೆ. ದಿನಾ ಮೊದಲು ಖಾಲಿ ಬಿಲ್ಲೆ ಒತ್ತುತ್ತೇನೆ. ಅದರ ಗೆರೆ ನೆಟ್ಟಗೆ ಬರುವವರೆಗೂ ಉಸಿರು ಬಿಡಲು ನನಗೆ ಧೈರ್ಯವಾಗುವುದಿಲ್ಲ.