ಗೊಂತಾನಿಗೆ ಸಿಹಿ ಕೊಟ್ಟವರು

ಹಿಮಿ ಊರಿನ ಬಂದರು ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆಯಿತೆಂದು ತಿಳಿಯಲು ಪತ್ರಿಕೆ ತರಿಸಬೇಕಾಗಿಲ್ಲ. ಸಂಜೆ ಬೀದಿಯವರೆಲ್ಲ ಮೀಯುವ ತ್ಸುರುನೊಯುಗೆ ಹೋಗಿ ಬಿಸಿನೀರಿನಲ್ಲಿ ಕತ್ತಿನವರೆಗೆ ಮುಳುಗಿ ಕೂತರೆ ಸಾಕು. ಆ ಸ್ನಾನದ ಮನೆಯ ಒಡತಿ ಇಸೊಗಾಯ್ ಮಿತ್ಸುಯೊ. ಗಂಡಸರ ಬಾಗಿಲಿಗೂ ಹೆಂಗಸರ ಬಾಗಿಲಿಗೂ ನಡುವೆ ಇರುವ ಎತ್ತರದ ಕಟ್ಟೆಯ ಮೇಲೆ ಕೂತು, ಎರಡೂ ಕಡೆಯ ಮಾತು ಕಿವಿಗೆ ಬಿದ್ದರೂ ಒಂದು ಕಡೆಯದನ್ನು ಇನ್ನೊಂದು ಕಡೆಗೆ ದಾಟಿಸದೆ ವಯಸ್ಸು ಕಳೆದವಳು. ಅವಳ ಬಾಯಿ ಭದ್ರ ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ಕೇಳಿ ಕೇಳಿ ಅವಳಿಗೂ ತಾನು ಎಡವುವವಳಲ್ಲ ಎಂಬ ನಂಬಿಕೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಬೆಳೆದಿತ್ತು.

ಗೊಂತಾ ಅವಳ ಗಂಡ ತೆರುಒ ಸಾಕಿದ ನಾಯಿ. ತೆರುಒ ತೀರಿಕೊಂಡ ಮೇಲೆ ಅದು ಕಟ್ಟೆಯ ಕೆಳಗೆ ಹಳೆಯ ಟವೆಲಿನ ಮೇಲೆ ಮಲಗಿ, ಬಂದವರ ಕಾಲು ಮೂಸಿ, ಹೋದವರ ಕಾಲು ಮೂಸಿ ಕಾಲ ಹಾಕುತ್ತಿತ್ತು. ಶರತ್ಕಾಲ ಮುಗಿಯುವ ಹೊತ್ತಿಗೆ ಒಂದು ದಿನ ಅದರ ಹಿಂಗಾಲು ಕುಸಿಯಿತು. ಕಣ್ಣು ಗಾಜಿನ ಹಾಗಾಗಿ ಮೈಯೆಲ್ಲ ನಡುಗಿತು. ಎತ್ತಿಕೊಂಡು ಓಡಿದ ಮಿತ್ಸುಯೊಗೆ ಪಶುವೈದ್ಯ ನೆಮೊತೊ ಚಿತ್ರ ತೋರಿಸಿ ವಿವರಿಸಿದರು. ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ, ಆ ಗಡ್ಡೆ ಹೊತ್ತು ಗೊತ್ತಿಲ್ಲದೆ ಇನ್ಸುಲಿನ್ ಸುರಿಸುತ್ತದೆ, ರಕ್ತದ ಸಕ್ಕರೆ ತಳ ಕಾಣುತ್ತದೆ. ಈಗಾಗಲೇ ಯಕೃತ್ತಿಗೂ ಹಬ್ಬಿದ್ದರಿಂದ ಕೊಯ್ದು ತೆಗೆಯುವ ಮಾತಿಲ್ಲ.

"ಸಕ್ಕರೆ ಇಳಿದ್ರೆ ಸಿಹಿ ಕೊಟ್ರೆ ಆಯ್ತಲ್ವಾ ಡಾಕ್ಟ್ರೇ?" ಎಂದಳು ಮಿತ್ಸುಯೊ.

"ಎಲ್ರೂ ಹಾಗೇ ಅಂದ್ಕೋತಾರೆ. ಸಿಹಿ ಒಳಗೆ ಹೋದ್ರೆ ಆ ಗಡ್ಡೆ ಇನ್ನೂ ಜಾಸ್ತಿ ಇನ್ಸುಲಿನ್ ಬಿಡುತ್ತೆ. ಮೊದಲು ಒಂಚೂರು ಏರುತ್ತೆ, ಆಮೇಲೆ ಮುಂಚೆಗಿಂತ ಕೆಳಗೆ ಬಿದ್ದುಹೋಗುತ್ತೆ. ತೀರಾ ನಡುಗ್ತಿದ್ರೆ ಮಾತ್ರ ವಸಡಿಗೆ ಒಂಚೂರು ಜೇನು ಸವರಿ, ನುಂಗೋ ಹಾಗಾದ ತಕ್ಷಣ ಊಟ ಹಾಕಿ. ಮಿಕ್ಕಂತೆ ಸಿಹಿ ಅನ್ನೋದು ಅವನ ಹತ್ರ ಸುಳೀಬಾರ್ದು. ಸ್ವಲ್ಪ ಸ್ವಲ್ಪವಾಗಿ, ಹೊತ್ತುಹೊತ್ತಿಗೆ ಬೇಯಿಸಿದ ಕೋಳಿ ಕೊಡಿ. ನೆಟ್ಟಗೆ ನೋಡ್ಕೊಂಡ್ರೆ ಬೇಸಿಗೆವರೆಗೂ ಇರಬಹುದು."

ಅಲ್ಲಿಂದ ಮಿತ್ಸುಯೊಳ ಬದುಕೆಲ್ಲ ಆ ಬೇಸಿಗೆಯ ಕಡೆಗೆ ಮುಖ ಮಾಡಿತು. ಕೋಳಿಯ ಎದೆಮಾಂಸ ಬೇಯಿಸಿ, ಸಣ್ಣಗೆ ಹಿಸಿದು, ತಟ್ಟೆಗಳಲ್ಲಿ ಪಾಲು ಮಾಡಿಟ್ಟಳು. ಮಾತ್ರೆ ಅರ್ಧ ಮಾಡಿ ನುಂಗಿಸಿದಳು. ಕಿವಿಯ ಅಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಯಂತ್ರಕ್ಕೆ ತಾಗಿಸುವುದನ್ನೂ ಕಲಿತಳು. ಮೊದಲ ಸಲ ಚುಚ್ಚಿದಾಗ ನಾಯಿಗಿಂತ ಅವಳೇ ಹೆಚ್ಚು ಅತ್ತಳು. ಸ್ನಾನಕ್ಕೆ ಬಂದವರು ಬಟ್ಟೆ ಬಿಚ್ಚುವ ಮೊದಲು "ಇವತ್ತು ಗೊಂತಾನ ಸಕ್ಕರೆ ಎಷ್ಟು?" ಎಂದು ಕೇಳತೊಡಗಿದರು.

ಇಷ್ಟು ಮಾಡಿದರೂ ಸಕ್ಕರೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ಬೀಳುತ್ತಿತ್ತು, ಮರುದಿನ ಸಂಜೆ, ಇನ್ನೊಂದು ದಿನ ಏನೂ ಇಲ್ಲ. ನೆಮೊತೊ ಡಾಕ್ಟರು ಮತ್ತೆ ಮತ್ತೆ ಕೇಳಿದರು, "ಯಾರಾದ್ರೂ ಏನಾದ್ರೂ ಸಿಹಿ ಕೊಡ್ತಿದಾರಾ?" ಮಿತ್ಸುಯೊ ಎದೆ ಮೇಲೆ ಕೈಯಿಟ್ಟು ಹೇಳಿದಳು, "ನಮ್ಮ ಮನೇಲಿ ಇಲ್ಲ ಡಾಕ್ಟ್ರೇ." ಅವಳು ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದಳು.

ಹಾಗಾದರೆ ಹೊರಗಿನವರು. ಕಟ್ಟೆಯ ಮೇಲಿಂದ ಮಿತ್ಸುಯೊ ಒಬ್ಬೊಬ್ಬರ ಕೈಯನ್ನೂ ನೋಡತೊಡಗಿದಳು. ಒಂದು ಸಂಜೆ ಗೊಂತಾನ ಟವೆಲ್ ಕೊಡವುವಾಗ ಬೆಲ್ಲದ ಮಿಠಾಯಿಯ ಕಾಗದವೊಂದು ಉದುರಿತು. ಆ ಬೀದಿಯಲ್ಲಿ ಬೆಲ್ಲದ ಮಿಠಾಯಿ ಎಂದರೆ ತಗಾಯಾ ಫುಕಿ ಅಜ್ಜಿ. ಒಂಟಿ ಮುದುಕಿ, ಹಿಂದಿನ ಓಣಿಯಲ್ಲಿ ಬಚ್ಚಲಿಲ್ಲದ ಒಂದು ಕೋಣೆಯ ಮನೆ. ದಿನವೂ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ತಂಬಿಗೆಯಲ್ಲಿ ಸಾಬೂನಿನ ಜೊತೆ ಮಿಠಾಯಿ ಇಟ್ಟುಕೊಂಡು ಕಂಡ ಮಕ್ಕಳಿಗೆಲ್ಲ ಹಂಚುವವಳು.

ಫುಕಿ ಆಗ ತಾನೇ ನೀರಿನಿಂದೆದ್ದು ಬಂದು ತಲೆ ಒರೆಸಿಕೊಳ್ಳುತ್ತಿದ್ದಳು. ಸುತ್ತ ಐದಾರು ಜನ ಹೆಂಗಸರು. ಮಿತ್ಸುಯೊ ಆ ಕಾಗದವನ್ನು ಕಟ್ಟೆಯ ಮೇಲಿಂದ ಎತ್ತಿ ತೋರಿಸಿದಳು.

"ಫುಕಿ ಅಜ್ಜಿ, ಇದು ನಿಮ್ಮದೇ ತಾನೇ? ನಾನಿಲ್ಲಿ ಅವನನ್ನ ಉಳಿಸ್ಕೊಳ್ಳೋಕೆ ಒದ್ದಾಡ್ತಿದೀನಿ, ನೀವು ಕದ್ದು ಸಿಹಿ ತಿನ್ನಿಸ್ತಿದೀರಾ? ಅವನನ್ನ ಸಾಯಿಸ್ಬೇಕು ಅಂತಾನಾ?"

ಫುಕಿಯ ಕೈ ನಿಂತಿತು. ಮೀನಂಗಡಿಯ ಸಕುಮಾ "ಛೆ, ಮೂಕ ಪ್ರಾಣಿಗೆ" ಎಂದು ಲೊಚಗುಟ್ಟಿದಳು. ಫುಕಿ ಒದ್ದೆ ಕೂದಲಿನಲ್ಲೇ ಬಟ್ಟೆ ತೊಟ್ಟು, ತಂಬಿಗೆ ಎತ್ತಿಕೊಂಡು, ನಡು ಬಗ್ಗಿಸಿ ವಂದಿಸಿ ಹಿಮದಲ್ಲಿ ಹೊರಟುಹೋದಳು. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಬಾರದಿದ್ದದ್ದೇ ತಪ್ಪೊಪ್ಪಿಗೆ ಎಂದು ನೀರಿನಲ್ಲಿ ಕೂತವರು ತೀರ್ಮಾನ ಕೊಟ್ಟರು.

ಸೋಮವಾರ ತ್ಸುರುನೊಯುಗೆ ರಜೆ. ಬೀದಿಯ ಕಡೆ ಬಾಗಿಲು ಹಾಕಿತ್ತು, ಹೊರಗಿನ ನೊಣವೂ ಒಳಗೆ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೊಂತಾ ಅಡುಗೆಮನೆಯ ಹೊಸ್ತಿಲಲ್ಲಿ ದೊಪ್ಪನೆ ಬಿದ್ದಿತು. ಮಿತ್ಸುಯೊ ಜೇನಿನ ಶೀಶೆ ಹಿಡಿದು ಕೂತು, ತುಟಿ ಎತ್ತಿ, ವಸಡಿಗೆ ಬೆರಳು ಸವರಲು ಹೋದವಳು ಹಾಗೇ ಒಂದು ಗಳಿಗೆ ಕೈ ತಡೆದಳು. ನಾಯಿಯ ಹಲ್ಲಿನ ಸಂದಿಯಲ್ಲಿ ಕೆಂಪು ಕಾಳಿನ ಸಿಪ್ಪೆಯೊಂದು ಅಂಟಿಕೊಂಡಿತ್ತು.

ಅದು ತೆರುಒನ ಎಡೆಯದು. ದಿನವೂ ಬೆಳಿಗ್ಗೆ ಮಿತ್ಸುಯೊ ಬುದ್ಧನ ಗೂಡಿನಲ್ಲಿ ಗಂಡನ ಚಿತ್ರದ ಮುಂದೆ ಅನ್ನ, ಚಹಾ, ಅವನಿಗೆ ಪ್ರಿಯವಾದ, ಕೆಂಪು ಕಾಳಿನ ಸಿಹಿ ಹೂರಣದ ಕಡುಬು ಇಡುತ್ತಿದ್ದಳು. ಎಡೆಯನ್ನು ಹಳಸಲು ಬಿಡಬಾರದು, ಎಸೆಯಲೂ ಬಾರದು. ಹಾಗಾಗಿ ಕೈ ಬಿಡುವಾದಾಗ, ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ, ಗೂಡಿನಿಂದ ಇಳಿಸಿ ಅರ್ಧ ತಾನು ತಿಂದು ಅರ್ಧ ಗೊಂತಾನ ಬಾಯಿಗಿಡುತ್ತಿದ್ದಳು. ತೆರುಒ ಇದ್ದಾಗಲೂ ಹಾಗೆಯೇ ಅರ್ಧ ಕೊಡುತ್ತಿದ್ದ. ಅವಳ ಲೆಕ್ಕದಲ್ಲಿ ಅದು ತಿಂಡಿಯೂ ಅಲ್ಲ, ಸಿಹಿಯೂ ಅಲ್ಲ, ಅವಳು ಕೊಡುತ್ತಿದ್ದದ್ದೂ ಅಲ್ಲ. ತೆರುಒ ತನ್ನ ನಾಯಿಗೆ ಕೊಡುತ್ತಿದ್ದದ್ದು.

ಜೇನು ಸವರಿದಳು, ಕೋಳಿ ತಿನ್ನಿಸಿದಳು. ಗೊಂತಾ ಎದ್ದು ಬಾಲ ಆಡಿಸಿತು. ಅದರ ನಂಬಿಕೆಯ ಕಣ್ಣು ನೋಡಲಾರದೆ ಮಿತ್ಸುಯೊ ಮುಖ ತಿರುಗಿಸಿಕೊಂಡಳು.

ಮರುದಿನದಿಂದ ಗೂಡಿನಲ್ಲಿ ಅನ್ನ, ಚಹಾ ಮಾತ್ರ. ಗೊಂತಾನ ಸಕ್ಕರೆ ಪೂರಾ ನೆಟ್ಟಗಾಗಲಿಲ್ಲವಾದರೂ ಆ ಭಯಂಕರ ಕುಸಿತ ನಿಂತಿತು. ಹಿಂಗಾಲು ಗಟ್ಟಿಯಾಗಿ, ಬಾಗಿಲವರೆಗೆ ಹೋಗಿ ಬರುವಷ್ಟು ಚೇತರಿಸಿತು. ಹೆಂಗಸರಿಗೆಲ್ಲ ಸಂತೋಷ.

"ನೋಡಿದ್ರಾ ಮಿತ್ಸುಯೊ-ಸಾನ್," ಎಂದಳು ಸಕುಮಾ, "ಆ ಮುದುಕಿ ಕಾಲು ಕಿತ್ತಿದ್ದೇ ತಡ, ನಾಯಿ ಎದ್ದು ಕೂತ್ಕೊಳ್ತು. ನೀವು ಅವತ್ತು ಮುಖಕ್ಕೆ ಹೊಡೆದ ಹಾಗೆ ಕೇಳಿದ್ದು ಒಳ್ಳೇದೇ ಆಯ್ತು, ಅಲ್ವಾ?"

ಆ ಹೊತ್ತಿನಲ್ಲಿ ಹೇಳಬಹುದಿತ್ತು. ಮಿತ್ಸುಯೊ "ಹ್ಞೂಂ" ಎಂದಳು.

ಮೊದಲು ಕೂಗಾಡಿದ್ದು ತಿಳಿಯದೆ. ಈ ಹ್ಞೂಂ ತಿಳಿದೂ ತಿಳಿದೂ. ಭದ್ರ ಬಾಯಿ ಎಂದು ಹೆಸರಾದ ಹೆಂಗಸು ಇಂಥ ಹ್ಞೂಂಗಳ ಮೇಲೆ ದಿನ ತಳ್ಳಿದಳು. ನಾಳೆ ಹೋಗೋಣ ಎನ್ನುವಳು, ನಾಳೆ ಹಿಮ ಬಿದ್ದಿದೆ ಎನ್ನುವಳು. ಬಾಗಿಲು ತೆಗೆಯುವ ಹೊತ್ತಿಗೆ ಯಾರೂ ಬಂದು ನಿಲ್ಲದ ಹೊಸ್ತಿಲನ್ನು ನೋಡದೆ ಕಟ್ಟೆ ಹತ್ತಿ ಕೂರುತ್ತಿದ್ದಳು. ಎರಡು ವಾರ ಹಾಗೇ ಕಳೆಯಿತು.

ಆಮೇಲೆ ಒಂದು ಸಂಜೆ ಸಕುಮಾ ತಲೆಗೆ ನೀರು ಸುರಿದುಕೊಳ್ಳುತ್ತ ನಗಾಡಿದಳು. "ಫುಕಿ ಅಜ್ಜಿ ಇವತ್ತು ಮೀನಿಗೆ ಬಂದಿದ್ರು. ಕೆಟಲ್ ನೀರಲ್ಲೇ ಮೈ ಒರೆಸ್ಕೋತಾರಂತೆ. ಬುರಿ ಮೀನಿನ ಬುಟ್ಟಿ ಯಾವುದು, ಅಜ್ಜಿ ಯಾವುದು ಅಂತ ವಾಸನೇಲಿ ಗೊತ್ತಾಗ್ಲಿಲ್ಲ ನಂಗೆ." ಒಳಗೆಲ್ಲ ನಗು ಎದ್ದಿತು. ಕಟ್ಟೆಯ ಮೇಲೆ ಮಿತ್ಸುಯೊಳ ಕಿವಿ ಸುಟ್ಟಂತಾಯಿತು. ಇಷ್ಟು ವರ್ಷದಲ್ಲಿ ಫುಕಿಯಷ್ಟು ಶುಭ್ರವಾಗಿ ಬೆನ್ನು ಉಜ್ಜಿಕೊಳ್ಳುವವರನ್ನು ಅವಳು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಓಣಿಗೆ ಹೋದಳು. ಕದ ಸರಿಸಿದ ಫುಕಿ ಅವಳನ್ನು ಕಂಡು ಬಿಳಿಚಿಕೊಂಡಳು. ಒಳಗೆ ಒಲೆಯ ಮೇಲೆ ಕೆಟಲ್, ಪಕ್ಕದಲ್ಲಿ ಬೋಗುಣಿ, ದಾರಕ್ಕೆ ಹಾಕಿದ ಒದ್ದೆ ಬಟ್ಟೆ. ಮಿತ್ಸುಯೊ ಬಾಯಿ ತೆರೆಯುವ ಮೊದಲೇ ಫುಕಿ ಚಾಪೆಯ ಮೇಲೆ ಮಂಡಿಯೂರಿ ಹಣೆ ನೆಲಕ್ಕೆ ತಾಗಿಸಿದಳು.

"ಗೊಂತಾ ಹೋಗ್ಬಿಟ್ನಾ ಮಿತ್ಸು?"

"ಇಲ್ಲ ಅಜ್ಜಿ, ಇದಾನೆ. ಚೆನ್ನಾಗಿದಾನೆ."

ಫುಕಿ ಉಸಿರು ಬಿಟ್ಟಳು. ಹಣೆ ಎತ್ತಲಿಲ್ಲ. "ನಾನು ಕೊಟ್ಟಿದ್ದೆ. ಅವನಿಗೆ ಕಾಯಿಲೆ ಅಂತ ಗೊತ್ತಾಗೋಕೆ ಮುಂಚೆ, ಒಂದೇ ಒಂದು ಮಿಠಾಯಿ. ಆಮೇಲೆ ಇಲ್ಲ, ದೇವರಾಣೆ. ಕಾಗದ ಅವನ ಹಾಸಿಗೇಲೇ ಉಳ್ಕೊಂಡಿತ್ತೋ ಏನೋ. ಅದರಿಂದಾನೇ ಗಡ್ಡೆ ಬಂತೇನೋ ಅಂತ ದಿನಾ ಯೋಚನೆ. ಯಾರನ್ನ ಕೇಳ್ಲಿ? ಅವನ ಹೆಸರಲ್ಲಿ ಊದುಬತ್ತಿ ಹಚ್ತಿದೀನಿ. ನನ್ನನ್ನ ಕ್ಷಮಿಸ್ಬಿಡು."

ತಪ್ಪಿಸಿಕೊಳ್ಳಲು ದಾರಿ ತಾನಾಗಿ ತೆರೆದಿತ್ತು. ಹೋಗಲಿ ಬಿಡಿ ಅಜ್ಜಿ, ಇವತ್ತಿಂದ ಸ್ನಾನಕ್ಕೆ ಬನ್ನಿ ಎಂದರೆ ಮುಗಿಯಿತು. ದೊಡ್ಡ ಮನಸ್ಸಿನವಳು ಎಂಬ ಹೆಸರೂ ಬರುತ್ತಿತ್ತು. ಆ ಮಾತು ಮಿತ್ಸುಯೊಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಮುಂದೆಂದೋ ನೆನೆದಾಗ ಕೂಗಾಡಿದ್ದಕ್ಕಿಂತ, ಹ್ಞೂಂ ಎಂದದ್ದಕ್ಕಿಂತ, ಆ ಒಂದು ಗಳಿಗೆಯೇ ಅವಳನ್ನು ಹೆಚ್ಚು ನಾಚಿಸುತ್ತಿತ್ತು.

"ಮಿಠಾಯಿಯಿಂದ ಗಡ್ಡೆ ಬರಲ್ಲ ಅಜ್ಜಿ. ನೀವು ಏನೂ ಮಾಡಿಲ್ಲ. ಸಿಹಿ ಕೊಡ್ತಿದ್ದದ್ದು ನಾನು." ಗೂಡಿನ ಎಡೆ, ಕಡುಬಿನ ಅರ್ಧ, ಹಲ್ಲಿನ ಸಂದಿಯ ಸಿಪ್ಪೆ, ಎಲ್ಲವನ್ನೂ ಹೇಳಿದಳು.

ಫುಕಿ ನಿಧಾನವಾಗಿ ತಲೆ ಎತ್ತಿ ಕೂತಳು. ಕೆಟಲ್ ಗುಸುಗುಟ್ಟುತ್ತಿತ್ತು.

"ಯಾವಾಗ ಗೊತ್ತಾಯ್ತು ನಿಂಗೆ?"

"ಎರಡು ವಾರ ಆಯ್ತು."

"ಎರಡು ವಾರ," ಎಂದಳು ಫುಕಿ. ಮಿತ್ಸುಯೊ ಚಾಪೆಗೆ ಹಣೆ ಹಚ್ಚಿ ಕ್ಷಮೆ ಕೇಳಿದಳು. ಫುಕಿ ಬೇಡವೆನ್ನಲಿಲ್ಲ, ಏಳು ಎಂದೂ ಅನ್ನಲಿಲ್ಲ. ಕಡೆಗೆ ಹೇಳಿದಳು, "ಬೈದದ್ದು ಎಲ್ಲರ ಮುಂದೆ. ಈಗ ಹೇಳೋದು ಬಾಗಿಲು ಹಾಕ್ಕೊಂಡಾ?"

ಆ ದಿನ ಬಾಗಿಲು ತೆಗೆಯುವ ಹೊತ್ತಿಗೆ ಫುಕಿ ಬರಲಿಲ್ಲ. ಜನ ತುಂಬುವ ಹೊತ್ತು ನೋಡಿಕೊಂಡೇ ಬಂದಳು. ಬಟ್ಟೆ ಬಿಚ್ಚುವ ಕೋಣೆ ಒಮ್ಮೆಲೇ ತಣ್ಣಗಾಯಿತು. ಮಿತ್ಸುಯೊ ಕಟ್ಟೆ ಇಳಿದು, ಎಲ್ಲರ ನಡುವೆ ಬರಿ ನೆಲದ ಮೇಲೆ ಮಂಡಿಯೂರಿದಳು.

"ಎಲ್ರೂ ಕೇಳಿಸ್ಕೊಳ್ಳಿ. ಗೊಂತಾನಿಗೆ ಸಿಹಿ ತಿನ್ನಿಸಿ ಬೀಳಿಸ್ತಿದ್ದದ್ದು ಫುಕಿ ಅಜ್ಜಿ ಅಲ್ಲ, ನಾನು. ನಮ್ಮ ಯಜಮಾನ್ರಿಗಿಟ್ಟ ಎಡೆಯ ಕಡುಬು. ಏನೂ ತಪ್ಪಿಲ್ಲದ ಅಜ್ಜಿಯನ್ನ ನಿಮ್ಮೆಲ್ಲರ ಮುಂದೆ ಅವಮಾನ ಮಾಡಿದೆ."

ಗೋಡೆಯ ಆಚೆ ಗಂಡಸರ ಕಡೆಯಲ್ಲೂ ನೀರಿನ ಸದ್ದು ನಿಂತಿತು. ಸಕುಮಾ ಮೆತ್ತಗೆ ಎಂದಳು, "ಅಯ್ಯೋ, ಎಡೆ ತಾನೇ ಮಿತ್ಸುಯೊ-ಸಾನ್. ಗೊತ್ತಿಲ್ದೆ ಆಗಿದ್ದು."

"ಗೊತ್ತಾದ ಮೇಲೂ ನಿಮ್ಮ ಹತ್ರ ಹ್ಞೂಂ ಅಂದೆ ಸಕುಮಾ-ಸಾನ್. ನೀವು ಅಜ್ಜಿಯನ್ನ ಆಡ್ಕೊಂಡು ನಗುವಾಗ ಇಲ್ಲೇ ಕೂತಿದ್ದೆ."

ಸಕುಮಾ ಟವೆಲ್ಲಿನಿಂದ ಮುಖ ಒರೆಸಿಕೊಂಡಳು. ಫುಕಿ ಬೆಂಚಿನ ಮೇಲೆ ಕೂತಳು. ಗೊಂತಾ ಟವೆಲಿನಿಂದೆದ್ದು ಬಂದು ಅವಳ ಕಾಲು ಮೂಸಿತು.

"ಅವನ ಊಟದ ಹೊತ್ತು ಆಗಿಲ್ವಾ?"

"ಆಗಿದೆ."

"ತಟ್ಟೆ ಇಲ್ಲಿ ಕೊಡು."

ಮಿತ್ಸುಯೊ ಒಳಗಿನಿಂದ ತಟ್ಟೆ ತಂದು ಎರಡೂ ಕೈಯಲ್ಲಿ ಕೊಟ್ಟಳು. ಚಳಿಗೆ ಬಿರುಕು ಬಿಟ್ಟಿದ್ದ ಬೆರಳುಗಳಿಂದ ಫುಕಿ ಒಂದೊಂದೇ ಎಳೆ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದು, ನಾಯಿಯ ಬಾಯಿಗಿಟ್ಟಳು.

"ನೋಡ್ಕೊಳ್ಳಿ ಸಕುಮಾ-ಸಾನ್, ಕೋಳಿ," ಎಂದಳು. ಯಾರೂ ನಗಲಿಲ್ಲ. ತಟ್ಟೆ ಖಾಲಿಯಾದ ಮೇಲೂ ಗೊಂತಾ ಆ ಬೆರಳುಗಳನ್ನು ನೆಕ್ಕುತ್ತಲೇ ಇತ್ತು.

"ಮತ್ತೆ ಯಾವಾಗ ಕೊಡ್ಬೇಕು?" ಎಂದು ಫುಕಿ ಮಿತ್ಸುಯೊಳ ಕಡೆ ನೋಡದೆ ಕೇಳಿದಳು.

"ಬಾಗಿಲು ಹಾಕೋ ಹೊತ್ತಿಗೆ."

"ಹಾಗಾದ್ರೆ ಅಲ್ಲಿವರೆಗೂ ಇರ್ತೀನಿ."

ಫುಕಿ ಬಟ್ಟೆ ಕಳಚಿ, ಮಡಿಸಿಟ್ಟು, ಗಾಜಿನ ಬಾಗಿಲು ಸರಿಸಿಕೊಂಡು ಬಿಸಿನೀರಿನ ಕಡೆಗೆ ನಡೆದಳು. ಒಳಗಿದ್ದವರು ಸರಿದು ಜಾಗ ಬಿಟ್ಟರು. ಮಿತ್ಸುಯೊ ಖಾಲಿ ತಟ್ಟೆ ಹಿಡಿದು ನೆಲ ನೋಡುತ್ತ ಕೂತಳು. ಆ ಬೆನ್ನನ್ನು ಕಣ್ಣೆತ್ತಿ ನೋಡಲು ಅವಳಿಗೆ ಮುಖವಿರಲಿಲ್ಲ.