ಗುಡ್ಡದ ಮೇಲಿನ ಎರಡನೇ ಮನೆ

ಪಾಳು ಬಿದ್ದ ಮನೆಗೆ ಜಪಾನಿನಲ್ಲಿ ಅಕಿಯಾ ಎನ್ನುತ್ತಾರೆ. ಇಷ್ಟು ವರ್ಷ ಕೋಬೆಯಲ್ಲಿದ್ದೂ ಅಂಗಡಿಯಲ್ಲಿ ನೆಟ್ಟಗೆ ನಾಲ್ಕು ಮಾತು ಆಡಲು ಬಾರದ ನನ್ನ ಗಂಡ ಈ ಒಂದು ಪದವನ್ನು ಮಾತ್ರ ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದ. ಲ್ಯಾಬಿನಲ್ಲಿ ಅವನಿಗೆ ಇಂಗ್ಲಿಷೇ ಸಾಕಾಗುತ್ತಿತ್ತು. ಮನೆಗೆ ಬಂದರೆ ಊಟದ ತಟ್ಟೆಯ ಪಕ್ಕದಲ್ಲಿ ಫೋನು ನಿಲ್ಲಿಸಿಕೊಂಡು ಅಕಿಯಾ ವಿಡಿಯೋ. ಯಾರೋ ಬಿಳಿಯ ದಂಪತಿ ಹಳೆಯ ಮನೆ ಕೊಂಡು, ಚಾಪೆ ಕಿತ್ತು, ಗೋಡೆಗೆ ಬಣ್ಣ ಹೊಡೆದು, ಅಂಗಳದಲ್ಲಿ ಕೂತು ಟೀ ಕುಡಿಯುತ್ತಿರುತ್ತಿದ್ದರು. ‘ಕಾರು ತಗೊಳ್ಳೋ ದುಡ್ಡಿಗೆ ಮನೆ ಕಣೇ,’ ಎನ್ನುತ್ತಿದ್ದ. ಹಾಗಾದರೆ ಕಾರೇ ತಗೋ ಎಂದು ನಾನು.

ಆದರೆ ಅವನ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಬಾಡಿಗೆ ಮನೆಯಲ್ಲಿ ಮಗಳ ಓದುವ ಮೇಜು ಫ್ರಿಜ್ಜಿಗೆ ಒರಗಿಕೊಂಡಿತ್ತು. ಒಗ್ಗರಣೆ ಹಾಕಿದರೆ ಅವಳ ಪುಸ್ತಕಕ್ಕೆ ಸಾಸಿವೆ ಸಿಡಿಯುತ್ತಿತ್ತು. ಅದಕ್ಕೇ ಒಂದು ಭಾನುವಾರ ಊರಿನ ಪಶ್ಚಿಮಕ್ಕಿರುವ, ಇಂಥ ಮನೆಗಳ ಒಂದು ಗುಡ್ಡವನ್ನು ನೋಡಿ ಬರಲು ಒಪ್ಪಿದೆ. ಒಪ್ಪಿದ್ದಕ್ಕೆ ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲೇ ನನ್ನನ್ನು ನಾನು ಬೈದುಕೊಂಡೆ.

ಆ ಗುಡ್ಡಕ್ಕೆ ಕಾರು ಹತ್ತುವುದಿಲ್ಲ, ಇರುವುದು ಕಡಿದಾದ ಮೆಟ್ಟಿಲು ಮಾತ್ರ. ಹಿಂದೆ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದವರು ಅಲ್ಲಿ ಮನೆ ಮಾಡಿಕೊಂಡಿದ್ದರಂತೆ. ಈಗ ಮೆಟ್ಟಿಲ ಎರಡೂ ಬದಿಗೆ ಸಾಲಾಗಿ ಖಾಲಿ ಮನೆಗಳು. ಬಾಗಿಲಲ್ಲಿ ಕಾಗದ ಹಾಕುವ ಕಂಡಿಗೆ ಅಡ್ಡಡ್ಡಲಾಗಿ ಟೇಪು ಅಂಟಿಸಿದ್ದರೆ ಒಳಗೆ ಯಾರೂ ಇಲ್ಲ ಎಂದು ಅರ್ಥವೆಂದು ನನ್ನ ಗಂಡ ವಿವರಿಸಿದ. ಅಲ್ಲಿ ಟೇಪು ಇಲ್ಲದ ಬಾಗಿಲನ್ನು ಹುಡುಕಬೇಕಿತ್ತು. ಒಂದು ಮನೆಯ ಬಟ್ಟೆ ಒಣಗಿಸುವ ಕೋಲಿನಲ್ಲಿ ಕ್ಲಿಪ್ಪುಗಳು ಹಾಗೇ ತೂಗುತ್ತಿದ್ದವು. ಇನ್ನೊಂದರ ಮಹಡಿ ಬೀದಿಯ ಕಡೆಗೆ ವಾಲಿ, ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಅಂಗಳದ ಮಣ್ಣನ್ನು ಕಾಡುಹಂದಿಗಳು ಹೊಸದಾಗಿ ಕೆದರಿದ್ದವು. ಅಷ್ಟೂ ಹೊತ್ತು ಮನುಷ್ಯರ ಸದ್ದೆಂದರೆ ನಮ್ಮ ಏದುಸಿರೊಂದೇ.

ನನ್ನ ಹೆದರಿಕೆ ನನಗಾಗಿ ಅಲ್ಲ. ಈ ದೇಶದಲ್ಲಿ ಒಂದನೇ ಕ್ಲಾಸಿನ ಮಕ್ಕಳೂ ನಡೆದೇ ಶಾಲೆಗೆ ಹೋಗುತ್ತವೆ. ಬೀದಿಯ ಮಕ್ಕಳೆಲ್ಲ ಒಂದು ಕಡೆ ಸೇರಿ ಸಾಲು ಕಟ್ಟಿಕೊಂಡು ಹೊರಡುತ್ತವೆ. ಅಪ್ಪ ಅಮ್ಮ ಬಿಡಲು ಹೋಗುವುದಿಲ್ಲ, ಕರೆತರಲೂ ಹೋಗುವುದಿಲ್ಲ. ಆದರೆ ಈ ಗುಡ್ಡದಲ್ಲಿ ಬೇರೆ ಮಕ್ಕಳೇ ಇಲ್ಲ. ಏಳು ವರ್ಷದ ನನ್ನ ಮಗಳು ದಿನಾ ಬೆಳಿಗ್ಗೆ, ದಿನಾ ಸಂಜೆ, ಈ ಮುಚ್ಚಿದ ಬಾಗಿಲುಗಳ ನಡುವೆ ಒಬ್ಬಳೇ ಇಳಿದು ಹತ್ತಬೇಕು. ಯಾವುದಾದರೊಂದು ಬಾಗಿಲು ತೆರೆದು ಒಂದು ಕೈ ಹೊರಬಂದರೆ ಅವಳ ಕೂಗು ಯಾರ ಕಿವಿಗೆ ಬೀಳುತ್ತದೆ?

‘ಇದು ಜಪಾನ್ ಕಣೇ, ಇಲ್ಲಿ ಏನಾಗುತ್ತೆ?’ ಎಂದ ನನ್ನ ಗಂಡ.

‘ಏನಾದ್ರೂ ಆಗ್ಬೇಕಾದ್ರೆ ದೇಶ ಕೇಳ್ಕೊಂಡು ಬರುತ್ತಾ?’ ಎಂದೆ.

ಆದರೂ ಆ ಗುಡ್ಡದ ಒಂದು ಮನೆಯ ಮಾತು ಮುಂದುವರಿಯಿತು. ಆಸೆಗೆ ಬಿದ್ದ ಗಂಡನನ್ನು ತಡೆಯಬಹುದು, ಅವನ ಬೆನ್ನಿಗೆ ಮೈಸೂರಿನ ಅತ್ತೆ ನಿಂತರೆ ಮುಗಿಯಿತು. ಮನೆ ವಿಷಯ ಕಿವಿಗೆ ಬಿದ್ದದ್ದೇ ತಡ, ಅವರು ಪಂಚಾಂಗ ತೆಗೆದರು. ‘ಮುಂದಿನ ವಾರದಿಂದ ಆಷಾಢ ಕಣಮ್ಮಾ. ಆಷಾಢದಲ್ಲಿ ಹೊಸ್ತಿಲು ತುಳಿಯೋ ಹಾಗಿಲ್ಲ. ಕಾಗದ ಪತ್ರ ಆಮೇಲಾಗ್ಲಿ, ಶುಕ್ರವಾರ ಹೋಗಿ ಒಂದು ಲೋಟ ಹಾಲು ಉಕ್ಕಿಸಿ ಬಂದ್ಬಿಡಿ,’ ಎಂದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮನೆಯನ್ನು ಒಳಗಿನಿಂದ ಒಮ್ಮೆ ನೋಡಿ, ಅಲ್ಲೇ ನಿಂತು ಬೇಡ ಎಂದುಬಿಡುವುದೆಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

ಮನೆ ತೋರಿಸಬೇಕಾದ ದಲ್ಲಾಳಿಗೆ ಮಂಡಿನೋವು. ಆ ಮೆಟ್ಟಿಲು ನನ್ನಿಂದಾಗದು, ನೀವೇ ಹೋಗಿ ಎಂದು ಫೋನಿನಲ್ಲೇ ದಾರಿ ಹೇಳಿದರು. ಕೆಂಪು ಬಟ್ಟೆ ಕಟ್ಟಿದ ಪುಟ್ಟ ಕಲ್ಲು ದೇವರನ್ನು ದಾಟಿದರೆ ಎರಡನೇ ಮನೆ. ಹಿಂಬಾಗಿಲಲ್ಲಿ ಹೂಕುಂಡ, ಕುಂಡದ ಕೆಳಗೆ ಕೀ. ಕರೆಂಟು ಇಲ್ಲ. ಹಿಂದಿನವರ ಸಾಮಾನೆಲ್ಲ ಹಾಗೇ ಒಳಗಿದೆ, ಗಾಬರಿ ಬೀಳಬೇಡಿ. ಅಲ್ಲಿ ಹಾಲು ಕಾಯಿಸಬಹುದೇ ಎಂದು ನಾನು ಕೇಳಿದೆ. ಕಾಫಿ ಮಾಡಿಕೊಳ್ಳುತ್ತೇವೆ ಎಂದು ತಿಳಿದರೋ ಏನೋ, ನಕ್ಕು ಧಾರಾಳವಾಗಿ ಎಂದರು.

ಶುಕ್ರವಾರ ಮಗಳು ಶಾಲೆಗೆ ಹೋದ ಮೇಲೆ ಹೊರಟೆವು. ಮಳೆಗಾಲದ ಬೆಳಿಗ್ಗೆ, ಮಳೆಯಿಲ್ಲದಿದ್ದರೂ ಮೆಟ್ಟಿಲು ಜಾರುತ್ತಿತ್ತು. ನನ್ನ ಕೈಚೀಲದಲ್ಲಿ ಡಬ್ಬಿ ಗ್ಯಾಸಿನ ಪುಟ್ಟ ಒಲೆ, ಪಾತ್ರೆ, ಲೋಟ, ಹಾಲಿನ ಪ್ಯಾಕೆಟ್ಟು, ಸಕ್ಕರೆ, ಅರಿಸಿನ ಕುಂಕುಮ. ಕಲ್ಲು ದೇವರನ್ನು ದಾಟಿದ ಮೇಲೆ ಬಳ್ಳಿ ಮುಚ್ಚಿದ ಒಂದು ದಿಬ್ಬ ಸಿಕ್ಕಿತು. ಅದರಾಚೆಗೆ ಒಂದು ಮನೆ, ನಂತರ ಇನ್ನೊಂದು. ಇದೇ ಎರಡನೆಯದು. ಕಾಗದದ ಕಂಡಿಗೆ ಟೇಪು, ಕಿಟಕಿಗಳಿಗೆ ತಗಡಿನ ಶಟರು, ಹಿಂದೆ ಹೂಕುಂಡ. ಕುಂಡ ಎತ್ತಿದರೆ ಕೀ.

ಬಾಗಿಲು ತೆರೆಯುತ್ತಿದ್ದಂತೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಕತ್ತಲೆ. ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು, ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಹೋದೆವು. ಫೋನಿನ ಬೆಳಕಿನಲ್ಲಿ ಅಡುಗೆಮನೆ ತುಂಡು ತುಂಡಾಗಿ ಕಂಡಿತು. ಟೀ ಬಟ್ಟಲು, ಕನ್ನಡಕ, ಮೊಳೆಗೆ ನೇತುಹಾಕಿದ ಏಪ್ರನ್ನು. ಸಾಮಾನು ಹಾಗೇ ಇದೆಯೆಂದು ದಲ್ಲಾಳಿ ಹೇಳಿದ್ದರು, ನಿಜ. ಆದರೂ ಆ ಏಪ್ರನ್ನಿನ ಮೇಲೆ ಬೆಳಕು ಹಿಡಿದು ನಿಂತೆ. ಅದು ಈಗಷ್ಟೇ ಯಾರೋ ಬಿಚ್ಚಿ ಹಾಕಿದ ಹಾಗಿತ್ತು.

‘ಬೇಗ ಮುಗ್ಸು. ನಂಗಿಲ್ಲಿ ನಿಲ್ಲಕ್ಕಾಗ್ತಿಲ್ಲ,’ ಎಂದೆ.

ಅವನು ನೆಲದ ಮೇಲೆ ಒಲೆಯಿಟ್ಟು ಹಾಲು ಕಾಯಲಿಟ್ಟ. ನಾನು ಲೋಟ ಒರೆಸಲೆಂದು ಸಿಂಕಿನ ಬಳಿಯ ಬಟ್ಟೆಗೆ ಕೈ ಹಾಕಿದೆ. ಬಟ್ಟೆ ಒದ್ದೆಯಾಗಿತ್ತು.

‘ಇದು ಒದ್ದೆ ಇದೆ.’

‘ಮಳೆಗಾಲ ಅಲ್ವಾ, ಎಲ್ಲೋ ಸೋರ್ತಿರ್ಬೇಕು.’

ತಲೆಯೆತ್ತಿ ಚಾವಣಿ ನೋಡಿದೆ. ಒಣಗಿತ್ತು. ನೋಟ ಕೆಳಗಿಳಿಸಿದಾಗ ಮೂಲೆಯಲ್ಲಿ ಒಂದು ಚಿಕ್ಕ ಕೆಂಪು ದೀಪ ಕಂಡಿತು. ಅನ್ನದ ಕುಕ್ಕರಿನ ದೀಪ. ಅನ್ನವನ್ನು ಬೆಚ್ಚಗಿಡುವಾಗ ಉರಿಯುವ ದೀಪ.

ಕರೆಂಟಿಲ್ಲದ ಮನೆಯಲ್ಲಿ ಅನ್ನ ಬೆಚ್ಚಗಿದೆ. ಗಂಡನ ತೋಳು ಹಿಡಿದು ಅತ್ತ ತಿರುಗಿಸಿದೆ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಒಂದು ಕೆಮ್ಮು ಕೇಳಿತು. ತಡೆದೂ ತಡೆದೂ ಕೊನೆಗೆ ತಪ್ಪಿಸಿಕೊಂಡ ಸಣ್ಣ ಕೆಮ್ಮು. ದೆವ್ವಗಿವ್ವ ನಾನು ನಂಬುವವಳಲ್ಲ, ಆದರೆ ಆ ಗಳಿಗೆಯಲ್ಲಿ ನನ್ನ ಮೊಣಕಾಲು ನಂಬಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಕದ್ದು ಇರುವ ಯಾರೋ ಪುಂಡ, ಕೈಯಲ್ಲಿ ಏನಿದೆಯೋ. ನಮಗಿಬ್ಬರಿಗೂ ಇಲ್ಲಿ ಏನಾದರೂ ಆದರೆ, ಸಂಜೆ ಮಗಳು ಬೀಗ ಹಾಕಿದ ಮನೆಯ ಮುಂದೆ ಬಂದು ನಿಲ್ಲುತ್ತಾಳೆ. ನಾವು ಇಲ್ಲಿದ್ದೇವೆಂದು ಅವಳಿಗೆ ಯಾರು ಹೇಳುತ್ತಾರೆ?

ಹಾಲು ಉಕ್ಕಿತು. ಚುಸ್ಸೆಂದು ಒಲೆಯ ಮೇಲೆ ಹರಿದು ಸುಟ್ಟ ವಾಸನೆ ಎದ್ದಿತು. ಆ ಸದ್ದಿಗೇ ಇರಬೇಕು, ಪಕ್ಕದ ಕೋಣೆಯಲ್ಲಿ ಹಾಸಿಗೆ ಮಡಚಿಡುವ ಗೋಡೆ ಕಪಾಟಿನೊಳಗಿಂದ ಮುದಿ ಹೆಂಗಸಿನ ದನಿ ಬಂತು. ದನಿ ಗಡಗಡ ನಡುಗುತ್ತಿತ್ತು.

‘ಏನು ಬೇಕಾದರೂ ತೆಗೆದುಕೊಂಡು ಹೋಗಿ. ದಯವಿಟ್ಟು ಬೆಂಕಿ ಮಾತ್ರ ಹಚ್ಚಬೇಡಿ. ನಾನು ನಿಮ್ಮ ಮುಖ ನೋಡಿಲ್ಲ.’

ನನ್ನ ಗಂಡನಿಗೆ ಅರ್ಥವಾದದ್ದು ಅರ್ಧ. ಅವನು ಕಪಾಟಿನ ಕಡೆಗೆ ಬಗ್ಗಿ ‘ಸುಮಿಮಾಸೆನ್, ಸುಮಿಮಾಸೆನ್’ ಎಂದು ಕ್ಷಮೆ ಕೇಳತೊಡಗಿದ. ಗಂಡಸಿನ ದನಿ ಹತ್ತಿರ ಬಂದದ್ದೇ ತಡ, ಒಳಗಿದ್ದ ಹೆಂಗಸು ಕಿರುಚಿದರು. ಅವನನ್ನು ಹಿಂದಕ್ಕೆಳೆದು, ಒಲೆ ಆರಿಸಿ, ಬಾಗಿಲಲ್ಲೇ ನೆಲದ ಮೇಲೆ ಕೂತೆ. ನಾನೊಬ್ಬ ಹೆಂಗಸು, ಇವನು ನನ್ನ ಗಂಡ, ಪಾಳು ಮನೆ ನೋಡಲು ಬಂದು ದಾರಿ ತಪ್ಪಿ ನಿಮ್ಮ ಮನೆ ಹೊಕ್ಕಿದ್ದೇವೆ ಎಂದು ನನಗೆ ಬಂದ ಜಪಾನಿಯಲ್ಲಿ ಹೇಳಿದೆ. ದಲ್ಲಾಳಿಯ ಹೆಸರು ಹೇಳಿದೆ. ಹೇಳಿದ್ದನ್ನೇ ಹೇಳುತ್ತಾ ಅತ್ತುಬಿಟ್ಟೆ.

ಕಪಾಟಿನ ಬಾಗಿಲು ಒಂದು ಬೆರಳಷ್ಟು ಸರಿಯಿತು. ನನ್ನನ್ನು ಬಹಳ ಹೊತ್ತು ನೋಡಿದ ಮೇಲೆ ಅಜ್ಜಿ ಹೊರಬಂದರು. ನನ್ನ ಭುಜದೆತ್ತರ, ಕೈಯಲ್ಲೊಂದು ಬಟ್ಟೆ ಅಳೆಯುವ ಗಜಕೋಲು. ಕೋಲನ್ನು ಕೆಳಗಿಡಲಿಲ್ಲ.

ನೆಲದ ಮೇಲೆ ಹರಿದ ಹಾಲನ್ನು ನಾವಿಬ್ಬರೂ ಒರೆಸಿದೆವು. ಹೊಸ್ತಿಲ ಕುಂಕುಮ ತೊಳೆದೆವು. ಎಷ್ಟು ಉಜ್ಜಿದರೂ ಮರದ ಸಂದಿನಲ್ಲಿ ಕೆಂಪು ಉಳಿಯಿತು. ಹೊಸ ಮನೆಗೆ ಹಾಲುಕ್ಕಿಸುವುದು ನಮ್ಮ ಪದ್ಧತಿ ಎಂದೆ. ‘ಬೇಕೆಂದೇ ಉಕ್ಕಿಸುವುದೇ?’ ಎಂದು ಅಜ್ಜಿ ಕೇಳಿದರು. ಹೌದು ಎಂದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಬಾಗಿಲಿಗೆ ಟೇಪು ಏಕೆ ಹಚ್ಚಿದ್ದೀರಿ ಎಂದು ಕೇಳದೆ ಇರಲಾಗಲಿಲ್ಲ. ಹಳೆ ಒಡವೆ ಕೊಡಿ, ಸೂರು ರಿಪೇರಿ ಮಾಡಿಸಿ ಎಂದು ಪೀಡಿಸುವವರು ಮನೆಮನೆ ಹುಡುಕಿಕೊಂಡು ಬರುತ್ತಾರಂತೆ. ಸುತ್ತಲಿನವರೆಲ್ಲ ಹೋದ ಮೇಲೆ ತಾನೊಬ್ಬಳೇ ಇರುವುದು ಯಾರಿಗೂ ಗೊತ್ತಾಗದಿರಲಿ ಎಂದು ಅವರೇ ಟೇಪು ಅಂಟಿಸಿದ್ದರು, ಹಗಲಲ್ಲೂ ಶಟರು ಇಳಿಸಿದ್ದರು, ದೀಪ ಹಾಕುವುದನ್ನು ಬಿಟ್ಟಿದ್ದರು. ಬದುಕಿದ್ದೂ ಮನೆಯನ್ನು ಪಾಳು ಮನೆಯಂತೆ ಮಾಡಿಕೊಂಡು ಕೂತಿದ್ದರು. ನಾವು ಬಳ್ಳಿಯ ದಿಬ್ಬ ಎಂದುಕೊಂಡದ್ದು ದಿಬ್ಬವಲ್ಲ, ಬಳ್ಳಿ ನುಂಗಿದ ಮೊದಲನೇ ಮನೆ. ನಮಗೆ ಬೇಕಾದದ್ದು ಪಕ್ಕದ್ದು, ಅಲ್ಲೂ ಹೂಕುಂಡದ ಕೆಳಗೇ ಕೀ ಇರುತ್ತದೆ ಎಂದರು. ಈ ಸಾಲಿನಲ್ಲಿ ಎಲ್ಲರೂ ಇಡುತ್ತಿದ್ದದ್ದು ಅಲ್ಲೇ ಅಂತೆ.

ಆಗ ನಾನು ಕೇಳಬೇಕಾದದ್ದನ್ನು ಕೇಳಿದೆ. ‘ನಮಗೊಬ್ಬಳು ಮಗಳಿದ್ದಾಳೆ. ಒಬ್ಬಳೇ ಈ ಮೆಟ್ಟಿಲು ಇಳಿದು ಶಾಲೆಗೆ ಹೋಗಬೇಕು. ಇಲ್ಲಿ ಭಯ ಏನಾದರೂ ಇದೆಯೇ?’

ಅಜ್ಜಿ ಯೋಚಿಸಿದರು. ಸುಳ್ಳು ಹೇಳುವವರ ಮುಖವಲ್ಲ ಅದು.

‘ಇಲ್ಲ. ಹಂದಿ ಬರುತ್ತವೆ, ಅವುಗಳ ಪಾಡಿಗೆ ಹೋಗುತ್ತವೆ. ಇಷ್ಟು ವರ್ಷದಲ್ಲಿ ಇಲ್ಲಿ ಕೆಟ್ಟದ್ದು ಏನೂ ಆಗಿಲ್ಲ. ಹೇಳದೆ ಕೇಳದೆ ಮನೆಯೊಳಗೆ ಬಂದವರು ನೀವೇ ಮೊದಲು.’

ಅದರಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ನಾಚಿಕೆಯಿಂದ ನನ್ನ ಮುಖ ಉರಿಯಿತು. ಕೀಯನ್ನು ಎರಡೂ ಕೈಯಲ್ಲಿ ಅವರಿಗೊಪ್ಪಿಸಿ, ಸೊಂಟ ಬಗ್ಗಿಸಿ ನಮಸ್ಕರಿಸಿ ಹೊರಬಂದೆವು. ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ ‘ಹೋಗ್ತೀವಿ’ ಎನ್ನುವ ಹಾಗಿಲ್ಲ. ಅದು ಅಪಶಕುನ. ಚಿಕ್ಕಂದಿನಿಂದ ಬಂದ ಅಭ್ಯಾಸ, ಚಪ್ಪಲಿ ಮೆಟ್ಟುತ್ತಾ ಜಪಾನಿಯಲ್ಲೂ ಅದನ್ನೇ ಹೇಳಿಬಿಟ್ಟೆ, ‘ಮತ್ತೆ ಬರುತ್ತೇವೆ.’

ಅಜ್ಜಿಯ ಮುಖದಲ್ಲಿದ್ದ ಅಷ್ಟಿಷ್ಟು ಬಣ್ಣವೂ ಇಳಿಯಿತು. ಬಾಗಿಲು ಮುಚ್ಚಿಕೊಂಡಿತು. ಚಿಲಕ ಬಿತ್ತು. ನಾವು ಅಂಗಳ ದಾಟುವ ಮೊದಲೇ ಒಳಗೆ ಭಾರವಾದದ್ದೇನನ್ನೋ ನೆಲದ ಮೇಲೆ ಎಳೆಯುವ ಸದ್ದು ಶುರುವಾಯಿತು. ಸ್ವಲ್ಪ ಎಳೆಯುವುದು, ನಿಲ್ಲಿಸುವುದು, ಮತ್ತೆ ಎಳೆಯುವುದು. ಅದು ಬಾಗಿಲಿಗೆ ತಾಗಿ ನಿಂತ ಮೇಲೆಯೇ ನಮ್ಮ ಕಾಲು ಕದಲಿದ್ದು.

ಪಕ್ಕದ ಮನೆಯ ಕಡೆಗೆ ನಾವಿಬ್ಬರೂ ತಿರುಗಿ ನೋಡಲಿಲ್ಲ. ಕಲ್ಲು ದೇವರ ಬಳಿ ಬಂದಾಗ ನನ್ನ ಗಂಡ ಮೆಲ್ಲಗೆ, ‘ನಾವು ಬಂದ್ರೆ ಅವ್ರಿಗೂ ಒಂದು ಜೊತೆ ಆಗ್ತಿತ್ತೇನೋ,’ ಎಂದ. ಅವನ ಮನಸ್ಸು ಒಳ್ಳೆಯದು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

‘ಅವ್ರಿಗೆ ಜೊತೆ ಆಗಲ್ಲ, ನಾನೇ ಅವ್ರ ಥರ ಆಗ್ತೀನಿ. ಹಂದಿಗೂ ಕತ್ತಲೆಗೂ ನಿನ್ನ ಮಗಳು ಒಗ್ಗಿಕೊಳ್ತಾಳೆ. ಆದ್ರೆ ನಾನು ಒಂದು ವರ್ಷದಲ್ಲಿ ಬಾಗಿಲಿಗೆ ಬೀರು ಎಳ್ಯೋದು ಕಲ್ತಿರ್ತೀನಿ. ಅದನ್ನ ನೋಡ್ಕೊಂಡು ಅವಳು ಬೆಳೀಬೇಕಾ?’

ಅವನು ಮೆಟ್ಟಿಲಿಳಿಯತೊಡಗಿದ. ಸ್ಟೇಷನ್ನಿಗೆ ಬಂದು ದಲ್ಲಾಳಿಗೆ ಫೋನು ಮಾಡಿ ಬೇಡ ಎಂದ. ಅಲ್ಲಿಂದ ಅವನು ಲ್ಯಾಬಿಗೆ ಹೋದ, ನಾನು ಮನೆಗೆ ಹೋಗಿ ಕೆಲಸಕ್ಕೆ ಕೂರಬೇಕಿತ್ತು. ಕೂರಲಾಗಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಹೋಗಿ ಗೇಟಿನ ಹೊರಗೆ ನಿಂತೆ. ಅಲ್ಲಿ ಬೇರೆ ಒಬ್ಬ ತಾಯಿಯೂ ಇರಲಿಲ್ಲ. ಗೆಳತಿಯರ ಜೊತೆ ನಗುತ್ತಾ ಬಂದ ಮಗಳು ನನ್ನನ್ನು ಕಂಡು ನಿಂತುಬಿಟ್ಟಳು.

‘ಅಮ್ಮಾ, ನೀನ್ಯಾಕೆ ಬಂದೆ? ಯಾರ ಅಮ್ಮನೂ ಬರಲ್ಲ.’

‘ಸುಮ್ನೆ, ಈ ಕಡೆ ಕೆಲಸ ಇತ್ತು,’ ಎಂದೆ.

ಗೆಳತಿಯರು ಮುಂದೆ ಹೋದರು. ಅವಳ ಕೈ ಹಿಡಿದುಕೊಂಡು ನಡೆದೆ. ಹಾಡುಹಗಲಿನ ಬೀದಿ, ಎರಡೂ ಕಡೆ ಅಂಗಡಿ, ಜನ, ಸೈಕಲ್ಲು. ಅವಳು ಎರಡು ಸಲ ಕೈ ಬಿಡಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ.